ಕಮಲಾಪುರದ ಪೆಟ್ಟಿಗೆ ಮತ್ತು ನಾನು ಬರೆದ ‘ಸಂಬಂಧ ಇಲ್ಲ’

ಖರೀದಿ ಕಚೇರಿಗಳಿಗೆ ಹೊಸದಾಗಿ ಸೇರಿದ ಹುಡುಗರು ಆಗಾಗ ಕಲಬುರ್ಗಿಯ ಬ್ರಹ್ಮಪುರದ ನಮ್ಮ ಮನೆಗೆ ಬಂದು ಕೂಡುತ್ತಾರೆ. ಚಹಾ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಎಲ್ಲರೂ ಕೇಳುವುದು ಒಂದೇ: “ಕಾಕಾ, ನಿಮ್ಮ ಕಾಲದಾಗ ಲಂಚ ಇತ್ತೇನ್ರಿ?” ಇತ್ತಪ್ಪ, ಯಾಕಿರಲಿಲ್ಲ. ಆದರೆ ಲಂಚವನ್ನು ಗುರುತಿಸುವುದು ಕಷ್ಟವಲ್ಲ; ಕೊಡುವವನ ಮುಖ ನೋಡಿದರೆ ಸಾಕು. ನನ್ನನ್ನು ಕೆಡವಿದ್ದು ಲಂಚವಲ್ಲ, ಬಾಳೆಹಣ್ಣು. ಅದೂ ಹೆಂಡತಿಯ ಊರಿಂದ ಹಬ್ಬಕ್ಕೆ ಬರುತ್ತಿದ್ದ ಬಾಳೆಹಣ್ಣು. ಅದನ್ನು ಒಮ್ಮೆ ಸರಿಯಾಗಿ ಬರೆದಿಟ್ಟುಬಿಡುತ್ತೇನೆ. ಬಡ್ತಿ, ವರ್ಗ, ಬೀಳ್ಕೊಡುಗೆಯ ಹಾರ, ಇವೆಲ್ಲ ನಿಮಗೂ ಬೇಡ, ನನಗೂ ಬೇಡ.

ನಿಜಾಮರ ಕಾಲದಲ್ಲಿ ಕಲಬುರ್ಗಿಯ ಸ್ಟೇಶನ್ ಬಜಾರಿನ ಹಿಂದೆ ನಮ್ಮ ಕಚೇರಿ ಇತ್ತು. ಜನ ಅದನ್ನು ಸಾಮಾನುಖಾನೆ ಎನ್ನುತ್ತಿದ್ದರು. ಸರ್ಕಾರಿ ಕಚೇರಿಗಳಿಗೆ ಬೇಕಾದ ಕುರ್ಚಿ, ಕಂದೀಲು, ಬೀಗ, ಮಸಿ, ಕಸಬರಿಗೆ ಎಲ್ಲವನ್ನೂ ನಮ್ಮ ಮೂಲಕವೇ ಕೊಳ್ಳಬೇಕು. ನಾನು ಅಲ್ಲಿ ನಮೂನಾ ಗುಮಾಸ್ತ. ಸರ್ಕಾರಕ್ಕೆ ಮಾಲು ಮಾರಬೇಕೆನ್ನುವವರು ಮೊದಲು ಒಂದೊಂದು ನಮೂನೆ ತಂದುಕೊಡುತ್ತಿದ್ದರು. ಅದನ್ನು ಎಳೆದು, ಬಡಿದು, ನೆನೆಸಿ, ಸುಟ್ಟು ನೋಡಿ ಪಾಸು ಅಥವಾ ನಾಪಾಸು ಎಂದು ಬರೆಯುವುದು ನನ್ನ ಕೆಲಸ. ಸಾಮಾನು ಹಾಳು ಮಾಡಲಿಕ್ಕೆ ನನ್ನ ಮಗನಿಗೆ ಪಗಾರ ಕೊಡುತ್ತಾರೆ ಎಂದು ನಮ್ಮವ್ವ ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಕಾವಲುಗಾರರಿಗೆ ಕಂದೀಲು ಕೊಳ್ಳಬೇಕಿತ್ತು. ಗಾಳಿಗೆ ಆರುತ್ತದೋ ಇಲ್ಲವೋ ನೋಡಲು ನಾನು ಬಾಗಿಲು ಮುಚ್ಚಿದ ಖೋಲಿಯೊಳಗೆ ಕೂತು ಬೀಸಣಿಗೆಯಿಂದ ಬೀಸಿದೆ. ಆರಲಿಲ್ಲ, ಪಾಸು. ಆಷಾಢದ ಗಾಳಿ ಬೀಸಿತು ನೋಡಿ, ಒಂದೂ ಉಳಿಯಲಿಲ್ಲ. ಕಾವಲುಗಾರರು ಸಾಲಾಗಿ ಬಂದು ಕಂದೀಲುಗಳನ್ನು ನನ್ನ ಮೇಜಿನ ಮೇಲಿಟ್ಟರು. ಅವರಲ್ಲೊಬ್ಬ ಬಹಳ ಮರ್ಯಾದೆಯಿಂದ, “ಸಾಹೇಬ್ರ, ಕಂದೀಲಿನ ಜೋಡಿ ನಿಮ್ಮ ಖೋಲಿನೂ ಕೊಟ್ಟಿದ್ರ ಆರ್ತಿರ್ಲಿಲ್ರಿ” ಎಂದ. ಅಂದಿನಿಂದ ಯಾವ ಸಾಮಾನನ್ನೂ ನಾನು ಅಂಗಳಕ್ಕೆ ತರದೆ ಪಾಸು ಮಾಡಲಿಲ್ಲ.

ನಮ್ಮ ಕಚೇರಿಯ ದೊಡ್ಡ ಸಾಹೇಬರನ್ನು ಮೊಹತಮಿಮ್ ಎನ್ನುತ್ತಿದ್ದೆವು. ನಾನು ಸೇರಿದಾಗ ಇದ್ದವರು ನಮೂನೆ ನೋಡುತ್ತಿರಲಿಲ್ಲ, ತಂದವರ ಮುಖ ನೋಡುತ್ತಿದ್ದರು. “ಇವರಪ್ಪ ನನಗೆ ಗೊತ್ತು” ಎಂದರೆ ಮುಗಿಯಿತು, ಮೂರು ಕಾಲಿನ ಕುರ್ಚಿಯೂ ಪಾಸು. ಅವರ ನಂತರ ಬಂದವರು ಖಾದರ್ ಸಾಹೇಬರು. ತೆಳ್ಳಗಿನ ಮನುಷ್ಯ, ಮೆಲ್ಲಗಿನ ಮಾತು. ಹೊರಗಿನವರ ಎಲೆ ಅಡಿಕೆ ಮುಟ್ಟಬಾರದೆಂದು ಮನೆಯಿಂದಲೇ ತಮ್ಮ ಪಾನದಾನ ತರುತ್ತಿದ್ದರು. ಬಂದ ವಾರವೇ ನಮೂನೆಗಳ ಮೇಲಿನ ಹೆಸರು ತೆಗೆಸಿ ನಂಬರು ಹಚ್ಚಿಸಿದರು. ಕಸಬರಿಗೆ ಮಾರುವವನೊಬ್ಬ ಇದಕ್ಕೂ ಉಪಾಯ ಹುಡುಕಿ ತನ್ನದಕ್ಕೆ ಕೆಂಪು ದಾರ ಸುತ್ತಿ, ಬಜಾರಿನಲ್ಲಿ ನನ್ನನ್ನು ಹಿಡಿದು, “ಕೆಂಪ ದಾರದ್ದು ನಂದೇ ನೋಡ್ರಿ” ಎಂದ. ನಾನು ಹೋಗಿ ಹೇಳಿದೆ. ಸಾಹೇಬರು ಬೈಯಲಿಲ್ಲ, ಕರೆಸಲಿಲ್ಲ. ಅಲ್ಲಿದ್ದ ಎಲ್ಲ ಕಸಬರಿಗೆಗೂ ಕೆಂಪು ದಾರ ಸುತ್ತಿಸಿಬಿಟ್ಟರು.

ಅವರು ತಂದ ಇನ್ನೊಂದು ಪದ್ಧತಿ ಸಂಬಂಧದ ಕಾಗದ. ಮಾಲು ಕೊಡುವವನೂ, ಪರೀಕ್ಷೆ ಮಾಡುವವನೂ ಈ ವ್ಯವಹಾರದಲ್ಲಿ ತನ್ನವರು ಯಾರಿದ್ದಾರೆ ಎಂದು ಬರೆದು ಸಹಿ ಮಾಡಬೇಕು. ಕಚೇರಿಯ ಬರಹವೆಲ್ಲ ಉರ್ದುವಿನಲ್ಲಿತ್ತು, ಈ ಕಾಗದವೂ ಅಷ್ಟೇ. ಎಲ್ಲರೂ ‘ಸಂಬಂಧ ಇಲ್ಲ’ ಎಂದೇ ಬರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತಿದ್ದೆ.

ಹೀಗಿರುವಾಗ ಊರ ಕಮಿಟಿಗೆ ಕೆಲವು ಮಂದಿಯನ್ನು ವೋಟು ಹಾಕಿ ಆರಿಸಬೇಕೆಂದು ಹುಕುಂ ಬಂತು. ವೋಟು ಇದ್ದದ್ದು ಮನೆ, ಅಂಗಡಿ ಇದ್ದ ಕೆಲವರಿಗಷ್ಟೇ. ನಾವು ಬಾಡಿಗೆ ಮನೆಯವರು, ನನಗೆ ಇರಲಿಲ್ಲ. ಆದರೆ ವೋಟು ಹಾಕಲು ಬೇಕಾದ ಇಪ್ಪತ್ತನಾಲ್ಕು ಪೆಟ್ಟಿಗೆಗಳನ್ನು ಪರೀಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೇಲೊಂದು ಸೀಳು, ಮುಂದೊಂದು ಬೀಗ, ಎಣಿಸುವ ದಿನದ ತನಕ ಒಳಗೆ ಯಾರ ಕೈಯೂ ಹೋಗಬಾರದು. ಬೇಕಾದದ್ದು ಇಷ್ಟೇ.

ಎರಡು ನಮೂನೆ ಬಂದವು. ಒಂದನೇ ನಂಬರಿನದು ಕಬ್ಬಿಣದ್ದು. ಅದನ್ನು ಕೊಟ್ಟವರು ಸ್ಟೇಶನ್ ಬಜಾರಿನ ಕಬ್ಬಿಣದ ವ್ಯಾಪಾರಿ ಶಾಂತಮಲ್ಲಪ್ಪನವರು ಎಂದು ಬೀಗ ನೋಡಿಯೇ ತಿಳಿಯಿತು. ಆ ಬೀಗ ಊರಲ್ಲಿ ಅವರ ಅಂಗಡಿಯಲ್ಲಿ ಮಾತ್ರ ಸಿಗುತ್ತಿತ್ತು. ಅವರ ಅಣ್ಣ ಕಮಿಟಿಗೆ ನಿಂತಿದ್ದರು. ಶಾಂತಮಲ್ಲಪ್ಪನವರ ಸಂಬಂಧದ ಕಾಗದ ತೆಗೆಸಿ ನೋಡಿ, ಅವರನ್ನು ಕರೆಸಿ ಕೇಳಿದೆ.

“ಕಮಿಟಿಗಿ ನಿಂತಾವ್ರು ನಿಮ್ಮ ಅಣ್ಣ ಅಲ್ರೀ?”

“ಹೌದ್ರಿ.”

“ಮತ್ತ ಸಂಬಂಧ ಇಲ್ಲಂತ ಹ್ಯಾಂಗ ಬರದೀರಿ?”

“ಎಲ್ಲಿ ಸಂಬಂಧ ಅದರೀ? ಆಸ್ತಿ ವಾಟಣಿ ಆಗಿ ಒಲಿ ಬ್ಯಾರೆ, ಬಾವಿ ಬ್ಯಾರೆ. ಅವನ ಮಗಳ ಲಗ್ನದಾಗ ನನ್ನ ಎರಡನೇ ಪಂಗತಿಗಿ ಕೂಡಿಸ್ಯಾನ. ಇನ್ನೇನ ಸಂಬಂಧ ಉಳೀತು ಹೇಳ್ರಿ.”

ಆ ಬೀಗಗಳ ಜೋಡಿ ಕೀಲಿಕೈಗಳು ಅವರ ಅಂಗಡಿಯಲ್ಲೇ ಇರುತ್ತಿದ್ದವು. ನಾಪಾಸು ಎಂದು ಬರೆದೆ. ‘ಒಲಿ ಬ್ಯಾರೆ’ ಎನ್ನುವ ಮಾತನ್ನು ಅವರ ದನಿಯಲ್ಲೇ ಆಡಿ ತೋರಿಸಿ ಕಚೇರಿಯನ್ನೆಲ್ಲ ನಗಿಸಿದೆ. ನನ್ನಂಥ ಚಾಣಾಕ್ಷ ಗುಮಾಸ್ತ ಈ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ಎರಡನೇ ನಂಬರಿನದು ಸಾಗುವಾನಿಯ ಪೆಟ್ಟಿಗೆ. ಅದರ ಮೂಲೆಯ ಹೆಣಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಅಂಥದೇ ಹೆಣಿಗೆಯ ಪೆಟ್ಟಿಗೆಯೊಂದು ನಮ್ಮ ಮನೆಯ ಒಳಖೋಲಿಯಲ್ಲಿತ್ತು. ನನ್ನ ಹೆಂಡತಿ ನೀಲಮ್ಮ ಕಮಲಾಪುರದವಳು. ಅವಳ ಜೊತೆ ಬಂದ ಪೆಟ್ಟಿಗೆ ಅದು, ಮಾಡಿದವರು ಅವಳ ತವರಿನ ಪಕ್ಕದ ಮನೆಯ ಮಾನಪ್ಪ ಬಡಿಗೇರರು. ಆ ಕಡೆಯ ಹಳ್ಳಿಗಳಲ್ಲಿ ಮಗಳ ಮದುವೆ ಎಂದರೆ ಮಾನಪ್ಪನ ಪೆಟ್ಟಿಗೆ ಜೊತೆಗೆ ಹೋಗಲೇಬೇಕು. ನೀಲಮ್ಮನ ಅಪ್ಪ ಅವಳು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದ. ನಾಗರ ಪಂಚಮಿಗೆ ಬಂಡಿ ಕಟ್ಟಿಕೊಂಡು ಅವಳನ್ನು ಕರೆಯಲು ಬರುತ್ತಿದ್ದವರು ಈ ಮಾನಪ್ಪ ಕಾಕಾ. ತಿರುಗಿ ಬಿಡಲು ಬಂದಾಗ ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆ ತಪ್ಪುತ್ತಿರಲಿಲ್ಲ. ನನ್ನನ್ನು ಅವರು ಅಳಿಯಂದ್ರು ಎನ್ನುತ್ತಿದ್ದರು. ಅವರೊಬ್ಬರೇ ಏನು, ಕಮಲಾಪುರದಲ್ಲಿ ನಾನು ಊರಿಗೆಲ್ಲ ಅಳಿಯ. ಊರ ಅಗಸೆ ಬಾಗಿಲಿನಿಂದ ಅತ್ತೆಯ ಮನೆಗೆ ಹೋಗುವಷ್ಟರಲ್ಲಿ ನಾಲ್ಕು ಕಡೆ ಚಹಾ ಕುಡಿಯಬೇಕಿತ್ತು.

ಇಪ್ಪತ್ತನಾಲ್ಕು ಪೆಟ್ಟಿಗೆ ಮಾಡುವ ತಾಕತ್ತು ಇದೆಯೋ ಇಲ್ಲವೋ ಎಂದು ಕೆಲಸದ ಜಾಗ ನೋಡಿ ಬರುವುದು ನಿಯಮ. ಹೋದೆ. ಹೋಳಿಗೆಯ ಊಟವಾಯಿತು. ಮಾನಪ್ಪ ಕಾಕಾ ಮರ ತೋರಿಸಿದರು, ನಾನು ಹೂಂ ಎಂದೆ. ಬರುವಾಗ ಬಾಳೆಗೊನೆ ಬಂಡಿಯಲ್ಲಿತ್ತು. ಇದು ಮಾವನ ಮನೆಯ ಬಾಳೆಹಣ್ಣು, ಇದನ್ನು ಲಂಚ ಎನ್ನುವವರು ಯಾರು ಎಂದುಕೊಂಡು ದಾರಿಯಲ್ಲೇ ಎರಡು ತಿಂದೆ. ನಮೂನೆಯನ್ನು ಅಂಗಳದಲ್ಲಿ ಬಂಡಿಯ ಮೇಲಿಂದ ಕೆಡವಿದೆ, ನೀರು ಸುರಿದೆ, ಬೀಗ ಹಿಡಿದು ಜಗ್ಗಿಸಿದೆ. ಜಪ್ಪಯ್ಯ ಎನ್ನಲಿಲ್ಲ. ಪಾಸು. ಸಂಬಂಧದ ಕಾಗದ ಮುಂದೆ ಬಂದಾಗ ಒಂದು ಗಳಿಗೆ ಕೈ ನಿಂತಿತು. ಅವರು ಬಡಿಗೇರರು, ನಾವು ಲಿಂಗಾಯತರು. ರಕ್ತದ ನಂಟಿಲ್ಲ, ಹೆಣ್ಣು ಕೊಟ್ಟು ತಂದದ್ದಿಲ್ಲ. ‘ಸಂಬಂಧ ಇಲ್ಲ’ ಎಂದು ಬರೆದು ಸಹಿ ಮಾಡಿದೆ.

ಪೆಟ್ಟಿಗೆಗಳು ಬಂದು ಕಚೇರಿಯ ಉಗ್ರಾಣದಲ್ಲಿ ಕೂತವು. ವೋಟಿಗೆ ಇನ್ನು ಒಂದು ವಾರ. ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ನೀಲಮ್ಮ ರೊಟ್ಟಿ ಹಾಕುತ್ತ ಮಾತು ತೆಗೆದಳು.

“ಕಾಕಾನ ಪೆಟಗಿ ಪಾಸ್ ಆದ್ವಂತಲ್ರಿ.”

“ಆದ್ವು. ಕೀಲಿ ಹಾಕಿದ್ರ ಇರವಿನೂ ಒಳಗ ಹೋಗೂದಿಲ್ಲ.”

ಅವಳು ನಕ್ಕಳು. “ಕೀಲಿ ಯಾಕ ಬೇಕ್ರಿ, ಕಳ್ಳಹಲಗಿ ಇರ್ತದಲ್ಲ.”

ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. “ಏನ ಹಲಗಿ?”

“ಕಾಕಾ ಮಾಡಿದ ಪೆಟಗಿಗಿ ಎಲ್ಲಾದಕ್ಕೂ ಒಂದೇ ಜಾಗಾದಾಗ ಇರ್ತದ. ಲಗ್ನ ಆಗಿ ಬಂದ ಮ್ಯಾಲ ಅತ್ತಿ ಕೀಲಿಕೈ ಇಸಗೊಂಡ್ರ ಸೊಸಿ ಏನ ಮಾಡ್ಬೇಕು? ಒಂದ ಹಲಗಿ ಸರಸಿದ್ರ ಕೈ ಒಳಗ ಹೋಗ್ತದ. ಎಲ್ಲದ ಅಂಬೂದು ಪೆಟಗಿ ಒಡತಿಗಿ ಒಬ್ಬಾಕಿಗೇ ಹೇಳ್ತಾನ.”

ನಮ್ಮ ಮನೆಯಲ್ಲೂ ಅವಳ ಪೆಟ್ಟಿಗೆಯ ಕೀಲಿಕೈಯನ್ನು ನಮ್ಮವ್ವ ಮದುವೆಯಾದ ವಾರವೇ ಇಸಿದುಕೊಂಡು ಪಡಸಾಲೆಯ ಗೂಟಕ್ಕೆ ಹಾಕಿದ್ದಳು. ಅವ್ವ ಬೀಗ ಹಾಕಿ ತಾನು ಗೆದ್ದೆನೆಂದುಕೊಂಡಿದ್ದಳು. ಸೊಸೆ ಅಷ್ಟು ವರ್ಷ ಸುಮ್ಮನೆ ನಗುತ್ತ ಇದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು.

“ಎಲ್ಲದ, ನನಗ ತೋರಸು.”

“ತೋರ್ಸೂದಿಲ್ಲ. ಗಂಡಸರಿಗಿ ಹೇಳೂದಿಲ್ಲಂತ ಕಾಕಾಗ ಮಾತ ಕೊಟ್ಟೀನಿ.”

“ನನ್ನ ನೌಕರಿ ಹೋಗ್ತದ.”

“ನಿಮ್ಮ ನೌಕರಿ ಹೋದ್ರ ಇನ್ನೊಂದ ಸಿಗ್ತದ. ನನ್ನ ಮಾತ ಹೋದ್ರ?”

ಕೈ ತೊಳೆದವನೇ ಉಗ್ರಾಣಕ್ಕೆ ಓಡಿದೆ. ಒಂದು ಪೆಟ್ಟಿಗೆಯನ್ನು ತಲೆಕೆಳಗೆ ಮಾಡಿ, ಬೆರಳಿನಿಂದ ತಟ್ಟಿ, ಪ್ರತಿ ಹಲಗೆಯನ್ನೂ ಒತ್ತಿ, ಜಗ್ಗಿ, ಬೆವತುಹೋದೆ. ಕೂದಲೆಳೆಯಷ್ಟು ಸಂದಿ ಕಾಣಲಿಲ್ಲ. ಮರುದಿನ ಮುಂಜಾನೆಯ ಮೋಟಾರು ಹಿಡಿದು ಕಮಲಾಪುರಕ್ಕೆ ಹೋದೆ. ಚಹಾಕ್ಕೆ ಕರೆದವರಿಗೆಲ್ಲ ಕೈ ಮುಗಿಯುತ್ತ ನೆಟ್ಟಗೆ ಮಾನಪ್ಪ ಕಾಕಾನ ಅಂಗಳಕ್ಕೆ ನಡೆದೆ. ಅವರು ಉಳಿ ಮಸೆಯುತ್ತಿದ್ದರು.

“ಕಾಕಾ, ಸರ್ಕಾರದ ಪೆಟಗಿಗಿ ಕಳ್ಳಹಲಗಿ ಇಟ್ಟೀರೇನ್ರಿ?”

“ಇಟ್ಟೀನಲ್ಲ, ಅಳಿಯಂದ್ರ,” ಎಂದರು, ಕೇಳಿದ್ದಕ್ಕೆ ಖುಷಿಪಟ್ಟು. “ಸರ್ಕಾರದ್ದು ಅಂತ ಎರಡೆರಡು ಇಟ್ಟೀನಿ. ಒಡತಿ ಯಾರು ಬರ್ತಾರಂತ ಹಾದಿ ನೋಡ್ಲಕತ್ತೀನಿ. ಯಾವ ಅಮ್ಮಾರಿಗಿ ಹೇಳ್ಬೇಕ್ರಿ?”

ನಾನು ಅಲ್ಲೇ ಮರದ ದಿಮ್ಮಿಯ ಮೇಲೆ ಕೂತುಬಿಟ್ಟೆ. ವೋಟು ಎಂದರೇನು, ಪೆಟ್ಟಿಗೆ ಯಾಕೆ, ಎಲ್ಲ ಬಿಡಿಸಿ ಹೇಳಿದೆ. ಅವರು ಉಳಿ ಕೆಳಗಿಟ್ಟರು.

“ಅಂದ್ರ ಇದು ಒಡತೀನೇ ಇಲ್ಲದ ಪೆಟಗಿ?”

“ಇಲ್ರಿ. ಯಾರೂ ತೆಗೀಬಾರದ ಪೆಟಗಿ.”

“ಅಂದು ಬಂದಾಗ ಹೇಳ್ಬೇಕಿಲ್ಲೇನ್ರಿ? ಉಂಡ್ರಿ, ಮರ ನೋಡಿದ್ರಿ, ಹೋದ್ರಿ. ಒಂದ ಮಾತ ಕೇಳಲಿಲ್ಲ.”

ಕೇಳಿರಲಿಲ್ಲ. ಇದನ್ನೇ ನಾನು ಹುಡುಗರಿಗೆ ಹೇಳುವುದು. ಬೇರೆ ಯಾವನೋ ಬಡಿಗನಾಗಿದ್ದರೆ, ಬೀಗ ಬಿಟ್ಟು ಇದಕ್ಕೆ ಇನ್ನೊಂದು ದಾರಿ ಇದೆಯೇನು ಎಂದು ಹತ್ತು ಸಲ ಕೇಳುತ್ತಿದ್ದೆ. ಕಾಕಾನನ್ನು ಕೇಳುವುದು ಮರ್ಯಾದೆ ಅಲ್ಲ ಎಂದು ಬಿಟ್ಟೆ. ನಾನು ಸುಳ್ಳು ಪಾಸು ಕೊಟ್ಟಿರಲಿಲ್ಲ, ನನ್ನವರೆಂದು ಪರೀಕ್ಷೆಯನ್ನು ಅರ್ಧ ಮಾಡಿದ್ದೆ.

“ನನ್ನ ಹೆಸರ ಕೆಟ್ರ ಕೆಡ್ಲಿ ಅಳಿಯಂದ್ರ,” ಎಂದರು ಕಾಕಾ. “ಹಲಗಿ ಎಲ್ಲದ ಅಂಬೂದು ಬಜಾರದಾಗ ಬಿತ್ತಂದ್ರ ನಮ್ಮ ಹೆಣಮಕ್ಕಳ ಪೆಟಗಿ ಏನಾಗ್ತಾವ? ಅವರಿಗಿ ಇರೂದು ಅದೊಂದ ಜಾಗಾ.”

ತಿರುಗಿ ಬಂದವನು ನೇರವಾಗಿ ಖಾದರ್ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ: ಹೋಳಿಗೆ, ಬಾಳೆಗೊನೆ, ಹಲಗೆ, ಸಹಿ. ಸಾಹೇಬರು ನಮ್ಮೊಡನೆ ಉರ್ದುವಿನಲ್ಲೇ ಮಾತಾಡುತ್ತಿದ್ದರು.

“ಕಮ್ಮಾರನನ್ನು ಕರೆಸು. ಒಂದನ್ನು ಒಡೆದು ನೋಡೋಣ.”

“ಹುಜೂರ್, ಒಡೆದರೆ ಸಂಜೆಯೊಳಗೆ ಗಂಜ್ ಬಜಾರಿನ ತನಕ ಸುದ್ದಿ ಹೋಗುತ್ತದೆ. ಆಮೇಲೆ ಈ ಸೀಮೆಯ ಯಾವ ಹೆಣ್ಣಿನ ಪೆಟ್ಟಿಗೆಯೂ ಅವಳದಾಗಿ ಉಳಿಯುವುದಿಲ್ಲ. ಶಿಕ್ಷೆ ನನಗೆ ಕೊಡಿ.”

ಅವರು ಪಾನದಾನ ತೆರೆದು, ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

“ನಮ್ಮ ತಾಯಿಯವರ ಹತ್ತಿರವೂ ಕಮಲಾಪುರದ ಪೆಟ್ಟಿಗೆ ಇದೆ,” ಎಂದರು ಕೊನೆಗೆ. “ಇದರ ಗುಟ್ಟು ಯಾರಿಗೆ ಗೊತ್ತು ಎಂದೆ? ನಿನ್ನ ಹೆಂಡತಿಗೆ ಅಲ್ಲವೆ? ಬಡಿಗನನ್ನೂ ಅವಳನ್ನೂ ನಾಳೆ ಕರೆದುಕೊಂಡು ಬಾ. ಹಲಗೆಗಳನ್ನು ಅವಳೇ ಮುಚ್ಚಲಿ, ಮಾಡಿದವನಿಗೂ ಅವು ಮತ್ತೆ ತೆರೆಯಬಾರದು.”

ಸಂಬಂಧದ ಕಾಗದದಲ್ಲಿ ಆ ದಿನ ಅವರು ತಮ್ಮ ತಾಯಿಯ ಪೆಟ್ಟಿಗೆಯ ಬಗ್ಗೆ ಏನಾದರೂ ಬರೆದರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಮರುದಿನ ನಮ್ಮ ಕಚೇರಿಯಲ್ಲಿ ನಡೆದದ್ದನ್ನು ಯಾವ ಕಡತದಲ್ಲೂ ನೀವು ಓದಲಾರಿರಿ. ಮಾನಪ್ಪ ಕಾಕಾ ತಮ್ಮ ಹೆಂಡತಿಯನ್ನೂ ಕರೆತಂದಿದ್ದರು. ಮೂಲೆಯಲ್ಲಿ ನಿಂತು ನೀಲಮ್ಮನ ಕಿವಿಯಲ್ಲಿ ಎರಡನೇ ಹಲಗೆಯ ಗುಟ್ಟು ಹೇಳಿದರು. ಹೆಂಗಸರಿಬ್ಬರೂ ಉಗ್ರಾಣದ ಬಾಗಿಲು ಹಾಕಿಕೊಂಡರು. ಖಾದರ್ ಸಾಹೇಬರು ಹೊರಗೆ ಬಾಗಿಲಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಹಾಕಿ ಕುರ್ಚಿಯಲ್ಲಿ ಕೂತರು. ನನ್ನ ಕೆಲಸ ಬಾಗಿಲ ಸಂದಿಯಿಂದ ಸ್ಕ್ರೂ ಕೊಡುವುದು. ಒಳಗಿಂದ ಕೊರೆಯುವ ಸಪ್ಪಳ, ನಡುನಡುವೆ ನಗು. ಬಡಿಗೇರರ ಮನೆಯ ಆ ತಾಯಿಗೆ ಉಳಿ, ಬೈರಿಗೆ ಎಲ್ಲ ಗಂಡನಷ್ಟೇ ಪಳಗಿದ್ದವು. ಎಲ್ಲ ಪೆಟ್ಟಿಗೆಯ ಎರಡೂ ಹಲಗೆಗಳಿಗೆ ಒಳಗಿನಿಂದ ಸ್ಕ್ರೂ ಬಿಗಿದು, ತಲೆ ಕಾಣದಂತೆ ಮೇಣ ತುಂಬಿ, ಬೀಗ ಹಾಕಿ ಹೊರಗೆ ಬಂದಾಗ ಹೊತ್ತು ಇಳಿಯುತ್ತಿತ್ತು.

“ಈಗ ನೀನೊಬ್ಬನೇ ಒಳಗೆ ಹೋಗಿ ತೆರೆದು ನೋಡು,” ಎಂದರು ಸಾಹೇಬರು ಕಾಕಾನಿಗೆ. ಅವರು ಹೋಗಿ ಬಹಳ ಹೊತ್ತು ಗುದ್ದಾಡಿ ಬೆವರೊರೆಸುತ್ತ ಬಂದರು. “ಒಂದೂ ಬರ್ವಲ್ದು ಸಾಹೇಬ್ರ.” ತಾನು ಮಾಡಿದ ಪೆಟ್ಟಿಗೆ ತನಗೇ ತೆರೆಯದ ಸಂಕಟ ಆ ಮುಖದ ಮೇಲೆ ಎಷ್ಟು ಢಾಳಾಗಿತ್ತೆಂದರೆ, ಸಾಹೇಬರು ಬೇರೆ ಸಾಕ್ಷಿ ಕೇಳಲಿಲ್ಲ.

ಅಲ್ಲಿಗೆ ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಸಾಹೇಬರು ನನ್ನಿಂದ ಹೊಸ ಸಂಬಂಧದ ಕಾಗದ ಬರೆಸಿದರು: ‘ನಾನು ಇವರ ಊರಿನ ಅಳಿಯ. ಇವರ ಮನೆಯಲ್ಲಿ ಉಂಡಿದ್ದೇನೆ. ಇವರು ಕೊಟ್ಟ ಬಾಳೆಹಣ್ಣು ತಿಂದಿದ್ದೇನೆ.’ ಹಳೆಯದನ್ನು ಹರಿದುಹಾಕು ಎಂದು ನನ್ನ ಕೈಗೆ ಕೊಟ್ಟರು. ನೀಲಮ್ಮ ಅದನ್ನು ನೋಡಿದಳು.

“ಅದರಾಗ ಏನ ಬರದೀರಿ? ಓದ್ರಿ.”

ಅವಳಿಗೆ ಉರ್ದು ಬಾರದು, ಏನೋ ಒಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಸಾಹೇಬರು ಎದುರಿಗಿದ್ದರು. ಓದಿದೆ. “ಈ ಪೆಟ್ಟಿಗೆ ಮಾಡಿದವರಿಗೂ ನನಗೂ ಯಾವ ಸಂಬಂಧವೂ ಇಲ್ಲ.”

ಮಾನಪ್ಪ ಕಾಕಾ ನೆಲ ನೋಡುತ್ತ, “ಸರ್ಕಾರಿ ಕಾಗದಕ್ಕ ಹಂಗೇ ಬರೀಬೇಕಾಗ್ತದವ್ವ ನೀಲಾ,” ಎಂದರು. ನನ್ನನ್ನು ಉಳಿಸಲೆಂದು ಆಡಿದ ಮಾತು ಅದು. ನನಗೆ ಆದಂಥ ನಾಚಿಕೆ ಅದಕ್ಕಿಂತ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ನೀಲಮ್ಮ ನನ್ನ ಕೈಯಿಂದ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಸೀರೆಯ ಸೆರಗಿಗೆ ಗಂಟು ಹಾಕಿದಳು.

ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಆಡಿದ್ದು ಇಷ್ಟು: “ಪಂಚಮಿಗಿ ನನ್ನ ಕರಿಲಾಕ ಬರೋರು ಯಾರ್ರಿ? ಅವರು ಯಾರೂ ಅಲ್ಲಂದ್ರ ನನಗ ತವರ ಮನಿನೇ ಇಲ್ಲ.”

ವೋಟು ನಡೆಯಿತು. ಯಾರು ಗೆದ್ದರೆಂದುಕೊಂಡಿರಿ? ಶಾಂತಮಲ್ಲಪ್ಪನವರ ಅಣ್ಣ. ಸೋತವರು ಪೆಟ್ಟಿಗೆಯಲ್ಲಿ ಮೋಸ ಇದೆಯೆಂದು ವಕೀಲರನ್ನು ಕರೆತಂದು ಒಂದೊಂದನ್ನೇ ತಲೆಕೆಳಗೆ ಮಾಡಿ ತಟ್ಟಿದರು, ಒತ್ತಿದರು, ಜಗ್ಗಿದರು. ಏನೂ ಸಿಗಲಿಲ್ಲ, ತಕರಾರು ಬಿದ್ದುಹೋಯಿತು. ಹೊರಗೆ ಶಾಂತಮಲ್ಲಪ್ಪನವರು ಸಿಕ್ಕರು. ನಾನು ಕಮಲಾಪುರದ ಅಳಿಯ ಎನ್ನುವ ಸುದ್ದಿ ಅವರಿಗೆ ಎಲ್ಲಿಂದಲೋ ಮುಟ್ಟಿತ್ತು. “ಸಾಹೇಬ್ರ, ನಂದು ಒಲಿ ಬ್ಯಾರೆ. ನಿಮ್ಮದು ಏನ ಬ್ಯಾರೆ ಇತ್ರಿ?” ಎಂದು ಕೇಳಿದರು. ಅವರ ದನಿಯನ್ನು ನಾನು ಮತ್ತೆಂದೂ ಅಣಕಿಸಲಿಲ್ಲ.

ಖಾದರ್ ಸಾಹೇಬರು ನನ್ನನ್ನು ಒಂದು ವರ್ಷ ನಮೂನೆಯಿಂದ ತೆಗೆದು ಮಸಿ, ಕಾಗದದ ಕೋಣೆಗೆ ಹಾಕಿದರು. ನ್ಯಾಯವಾದ ಶಿಕ್ಷೆ. ಮತ್ತೆ ತಿರುಗಿ ಬಂದಾಗ ಸಂಬಂಧದ ಕಾಗದದಲ್ಲಿ ಎರಡು ಹೊಸ ಸಾಲು ಕಂಡವು: ಹೆಂಡತಿಯ ತವರೂರು ಯಾವುದು? ಹಬ್ಬಕ್ಕೆ ಅವಳನ್ನು ಕರೆಯಲು ಬರುವವರು ಯಾರು? ಬೇರೆ ಜಿಲ್ಲೆಯವರು ಇದನ್ನು ಓದಿ ಬಿದ್ದುಬಿದ್ದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ನೌಕರಿ ಮುಗಿಯುವ ತನಕ ಆ ಎರಡು ಸಾಲುಗಳನ್ನು ಬಿಡದೆ ತುಂಬಿದೆ, ‘ಕಮಲಾಪುರ, ಮಾನಪ್ಪ ಬಡಿಗೇರ’ ಎಂದು. ಕಾಕಾ ತೀರಿಕೊಂಡ ಮೇಲೆ ಅವರ ಮಗನ ಹೆಸರು ಬರೆದೆ.

ಮೊನ್ನೆ ಇದನ್ನೆಲ್ಲ ಬರೆಯುತ್ತ ಕೂತಾಗ ಆ ಮೊದಲ ಕಾಗದದ ಸರಿಯಾದ ಮಾತುಗಳು ನೆನಪಾಗಲಿಲ್ಲ. “ಏನ ಬರದಿದ್ದೆನೋ ಏನೋ” ಎಂದು ಗೊಣಗಿಕೊಂಡೆ. ನೀಲಮ್ಮ ಅಕ್ಕಿ ಆರಿಸುತ್ತಿದ್ದವಳು ಎದ್ದು ಒಳಖೋಲಿಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ನಾಲ್ಕು ಮಡಿಕೆಯ ಹಳದಿ ಬಿದ್ದ ಕಾಗದವನ್ನು ನನ್ನ ಮುಂದಿಟ್ಟಳು.

“ಓದಕೊಳ್ರಿ.”

ನನ್ನದೇ ಅಕ್ಷರ, ನನ್ನದೇ ಸಹಿ. ಓದಿದೆ, ಇಲ್ಲಿ ಇಳಿಸಿಕೊಂಡೆ. ಅವಳು ಕಾಗದವನ್ನು ಹಳೆಯ ಮಡಿಕೆಗಳ ಮೇಲೇ ಮಡಿಸಿ ಒಳಗೆ ಒಯ್ದಳು, ಮತ್ತೆ ಚಿಲಕ ಬಿತ್ತು. ನಾನು ತಲೆ ಎತ್ತಿ ನೋಡಿದೆ. ಅವ್ವ ಹೋದ ಮೇಲೂ ಆ ಪೆಟ್ಟಿಗೆಯ ಕೀಲಿಕೈಯನ್ನು ಯಾರೂ ಜಾಗ ಬಿಟ್ಟು ಕದಲಿಸಿಲ್ಲ. ಅದು ನನ್ನ ತಲೆಯ ಮೇಲಿನ ಗೂಟದಲ್ಲೇ ತೂಗುತ್ತಿತ್ತು.